ಡಿಎನ್ಎಸ್ ಚೇಂಜ್ ಮಾಡಿದ್ರೆ ನೆಟ್ ಫಾಸ್ಟ್ ಆಗುತ್ತಾ? ಪೇಜ್ ತೆರೆಯೋಕೆ ಮುಂಚೆ ಮೂರ್ನಾಲ್ಕು ಸೆಕೆಂಡ್ ಸುಮ್ನೆ ನಿಂತಿರುತ್ತೆ

ಶರಾವತಿ ಹಿನ್ನೀರು:
ಎಲ್ರಿಗೂ ನಮಸ್ಕಾರ. ನಮ್ದು ಸಾಗರದಿಂದ ಸ್ವಲ್ಪ ಒಳಗೆ, ಹೋದ ವರ್ಷ ಫೈಬರ್ ಬಂತು, ಕೇಬಲ್ ಟಿವಿಯವ್ರೇ ಎಳ್ಕೊಟ್ಟಿದ್ದು, 50 ಎಂಬಿಪಿಎಸ್ ಪ್ಲಾನು. ಸ್ಪೀಡ್ ಟೆಸ್ಟ್ ಹಾಕಿದ್ರೆ 48, 49 ಬರುತ್ತೆ ಹಾಗಾಗಿ ಆ ಲೆಕ್ಕದಲ್ಲಿ ಮೋಸ ಏನಿಲ್ಲ, ಯೂಟ್ಯೂಬ್ ಒಂದ್ಸಲ ಶುರುವಾದ್ರೆ ಎಲ್ಲೂ ನಿಲ್ಲಲ್ಲ. ತೊಂದ್ರೆ ಇರೋದು ಬೇರೆ ಕಡೆ. ಯಾವ್ದೇ ಸೈಟ್ ತೆರೀಲಿ, ಅಡಿಕೆ ರೇಟ್ ನೋಡೋ ಪೇಜ್ ಇರ್ಲಿ ಪೇಪರ್ ಇರ್ಲಿ, ಮೊದ್ಲು ಬಿಳೀ ಪೇಜು, ಟ್ಯಾಬ್ ಮೇಲೆ ಗುಂಡಗೆ ಸುತ್ತುತ್ತಾ ಇರುತ್ತೆ, ಮೂರ್ನಾಲ್ಕು ಸೆಕೆಂಡ್ ಏನೂ ಇಲ್ಲ, ಆಮೇಲೆ ದಬಕ್ಕಂತ ಇಡೀ ಪೇಜು ಒಟ್ಟಿಗೇ ಬಂದು ಬೀಳುತ್ತೆ. ಅದೇ ಸೈಟ್ ಒಳಗೆ ಬೇರೆ ಲಿಂಕ್ ಒತ್ತಿದ್ರೆ ಫಟಾಫಟ್. ವಿಂಡೋಸ್ 10, ಹಳೇ ಡೆಸ್ಕ್‌ಟಾಪ್, ರೂಟರ್‌ಗೆ ವೈರ್‌ನಲ್ಲೇ ಹಾಕಿರೋದು ಹಾಗಾಗಿ ವೈಫೈ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ನಮ್ಮ ಭಾವನ ಮಗ ಡಿಎನ್ಎಸ್ ಚೇಂಜ್ ಮಾಡಿ ಅಂದ. ಮಾಡಿದ್ರೆ ಏನಾದ್ರೂ ಎಡವಟ್ಟಾಗುತ್ತಾ, ಬ್ಯಾಂಕ್ ಕೆಲ್ಸ ಎಲ್ಲಾ ಇದೇ ಕಂಪ್ಯೂಟರಲ್ಲಿ ಮಾಡೋದು ಅದಕ್ಕೆ ಕೇಳ್ದೆ.

ಗಾಂಧಿಬಜಾರ್ ಗೆಳೆಯ:
ಯೋಚ್ನೆನೇ ಮಾಡ್ಬೇಡಿ ಗುರೂ, ಗೂಗಲ್‌ದು 8.8.8.8 ಹಾಕಿ, ಎರಡ್ನೇದ್ರಲ್ಲಿ 8.8.4.4. ಎರಡು ನಿಮಿಷದ ಕೆಲ್ಸ. ನಾನು ಹಾಕ್ದಾಗಿಂದ ಡಬಲ್ ಸ್ಪೀಡು.

ಪೋರ್ಟ್ 53:
ಡಬಲ್ ಸ್ಪೀಡ್ ಬರ್ಲಿಕ್ಕೆ ಸಾಧ್ಯ ಇಲ್ಲ ಮಾರಾಯ್ರೆ. ಡಿಎನ್ಎಸ್ ಮಾಡುವುದು ಒಂದೇ ಕೆಲಸ, ಸೈಟಿನ ಹೆಸರು ಕೊಟ್ರೆ ಅದರ ಐಪಿ ನಂಬರ್, ಅಂದ್ರೆ ನೆಟ್ಟಿನ ವಿಳಾಸ, ಹುಡುಕಿ ಕೊಡುವುದು. ಊರಿಗೆ ಹೊಸಬರು ಬಂದು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಭಟ್ರ ಮನೆ ಯಾವ ಕಡೆ ಅಂತ ಕೇಳ್ತಾರಲ್ಲ, ಹಾಗೆ. ಅಂಗಡಿಯವ ಬೇಗ ಹೇಳಿದ್ರೆ ಬೇಗ ಹೊರಡಬಹುದು, ಹೊರಟ ಮೇಲೆ ರಸ್ತೆ ಅದೇ, ಗುಂಡಿಯೂ ಅದೇ. ನಿಮ್ಮ 50 ಎಂಬಿಪಿಎಸ್ ಅನ್ನು ಡಿಎನ್ಎಸ್ 51 ಮಾಡುದಿಲ್ಲ.

ಆದ್ರೆ ಹಿನ್ನೀರು ಅವರು ಹೇಳಿದ ಲಕ್ಷಣ ನೋಡಿದ್ರೆ ಇದು ನಿಜವಾಗಿ ಡಿಎನ್ಎಸ್ ಕೇಸೇ ಇರಬಹುದು. ಮೊದಲು ನಿಂತು ಆಮೇಲೆ ಒಟ್ಟಿಗೇ ಬರುವುದು, ಅದೇ ಸೈಟಿನ ಒಳಗೆ ಮತ್ತೆ ತಡ ಆಗದೇ ಇರುವುದು, ಎರಡೂ ಅದನ್ನೇ ಹೇಳ್ತವೆ, ಯಾಕಂದ್ರೆ ಒಮ್ಮೆ ಸಿಕ್ಕಿದ ಉತ್ತರವನ್ನು ಬ್ರೌಸರು, ವಿಂಡೋಸು, ರೂಟರು ಎಲ್ಲವೂ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ತವೆ. ಹಾಗಂತ ಊಹೆ ಮೇಲೆ ಸೆಟ್ಟಿಂಗ್ ಬದಲಾಯಿಸ್ಬೇಡಿ, ಅಳತೆ ಮಾಡಿ. ಕ್ರೋಮ್‌ನಲ್ಲಿ ಹೊಸ ಟ್ಯಾಬ್, ಎಫ್12 ಒತ್ತಿ, ನೆಟ್‌ವರ್ಕ್ ಅಂತ ಉಂಟಲ್ಲ ಅದಕ್ಕೆ ಹೋಗಿ, ಇವತ್ತು ತೆರೆಯದೇ ಇರುವ ಒಂದು ಸೈಟ್ ತೆರೆಯಿರಿ. ಪಟ್ಟಿಯಲ್ಲಿ ಮೊದಲನೇ ಸಾಲು ಒತ್ತಿ ಟೈಮಿಂಗ್ ನೋಡಿ. ಅಲ್ಲಿ ಡಿಎನ್ಎಸ್ ಲುಕಪ್, ಇನಿಷಿಯಲ್ ಕನೆಕ್ಷನ್, ಎಸ್ಎಸ್ಎಲ್, ವೇಟಿಂಗ್ ಫಾರ್ ಸರ್ವರ್ ರೆಸ್ಪಾನ್ಸ್, ಕಂಟೆಂಟ್ ಡೌನ್‌ಲೋಡ್ ಅಂತ ಒಂದೊಂದಕ್ಕೂ ಎಷ್ಟು ಹೊತ್ತಾಯ್ತು ಬರ್ತದೆ. ಯಾವುದು ದೊಡ್ಡದು ಹೇಳಿ.

ಗಾಂಧಿಬಜಾರ್ ಗೆಳೆಯ:
ಅಷ್ಟೆಲ್ಲಾ ಯಾಕ್ ಸಾರ್, ಹಾಕಿ ನೋಡಿದ್ರೆ ಗೊತ್ತಾಗುತ್ತಪ್ಪ

ಶರಾವತಿ ಹಿನ್ನೀರು:
ನೋಡಿದೆ. ಡಿಎನ್ಎಸ್ ಲುಕಪ್ 4.02 ಸೆಕೆಂಡ್!! ಇನಿಷಿಯಲ್ ಕನೆಕ್ಷನ್ 60 ಮಿಲಿಸೆಕೆಂಡ್, ವೇಟಿಂಗ್ 180, ಡೌನ್‌ಲೋಡ್ 12. ಬೇರೆ ಎರಡು ಸೈಟಲ್ಲೂ ನೋಡಿದೆ, 4 ಸೆಕೆಂಡಿನ ಆಸುಪಾಸೇ. ರಿಫ್ರೆಶ್ ಮಾಡಿದ್ರೆ ಡಿಎನ್ಎಸ್ ಸಾಲೇ ಕಾಣಲ್ಲ. ಇನ್ನೊಂದು ಸರ್ಕಾರಿ ಸೈಟ್ ಇದೆ, ಅದ್ರಲ್ಲಿ ಡಿಎನ್ಎಸ್ 4 ಸೆಕೆಂಡ್ ಆದ್ಮೇಲೆ ವೇಟಿಂಗ್ ಬೇರೆ 9 ಸೆಕೆಂಡ್.

ಪೋರ್ಟ್ 53:
ಆ ಒಂಬತ್ತು ಸೆಕೆಂಡ್ ಆ ಸರ್ವರಿನವರ ಕರ್ಮ, ಯಾವ ಡಿಎನ್ಎಸ್ ಹಾಕಿದ್ರೂ ಹೋಗುದಿಲ್ಲ. ನಾಲ್ಕು ಸೆಕೆಂಡಿನದ್ದು ನಿಮ್ಮ ಕಡೆಯದ್ದು. ಸರಿ ಇರುವ ಲೈನಿನಲ್ಲಿ ಅದು 5ರಿಂದ 50 ಮಿಲಿಸೆಕೆಂಡ್ ಒಳಗೆ ಬರಬೇಕು, ಅಪರೂಪದ ಸೈಟ್ ಆದ್ರೆ ನೂರಿನ್ನೂರು ಆದೀತು. ಎಲ್ಲಾ ಸೈಟಿಗೂ ಒಂದೇ ತರ ನಾಲ್ಕು ಅಂದ್ರೆ ಎಲ್ಲೋ ಟೈಮ್‌ಔಟ್ ಆಗ್ತಾ ಉಂಟು, ಅಂದ್ರೆ ಉತ್ತರಕ್ಕೆ ಕಾದು ಕೈಬಿಡ್ತಾ ಉಂಟು.

ಪೇಡಾಪ್ರಿಯ:
ಧಾರವಾಡದಾಗ ನಂದು ಕಂಪ್ಯೂಟರ್ ರಿಪೇರಿ ಅಂಗಡಿ ಐತ್ರಿ, ಇಂಥಾವು ಭಾಳ ನೋಡೀನಿ. ಆಗೋದು ಏನಂದ್ರ, ನಿಮ್ಮ ಕಂಪ್ಯೂಟರ್ ರೂಟರ್‌ನ ಕೇಳತೈತಿ, ಅಂದ್ರ 192.168.1.1. ರೂಟರ್ ತಾನು ಕೇಬಲ್‌ನವರು ಕೊಟ್ಟ ಎರಡು ಡಿಎನ್ಎಸ್ ಸರ್ವರ್ ಒಳಗ ಮೊದಲನೇದ್ದನ್ನ ಕೇಳತೈತಿ. ಅದು ಸತ್ತಿರತೈತಿ, ಇಲ್ಲಾ ಹಳೇ ಕಂಪನಿದ್ದು ಇರತೈತಿ, ಕೇಬಲ್‌ನವರು ಬ್ಯಾಂಡ್‌ವಿಡ್ತ್ ತಗೋಳೋ ಕಂಪನಿ ಬದಲಿ ಮಾಡಿರ್ತಾರ ಆದ್ರ ಡಿಎನ್ಎಸ್ ಬದಲಿ ಮಾಡಿರಂಗಿಲ್ಲ. ರೂಟರ್ ಕಾಯ್ಕೋತ ಕುಂದರತೈತಿ, ಆಮ್ಯಾಲ ಎರಡನೇದ್ದಕ್ಕ ಹೋಗತೈತಿ, ಅದು ಉತ್ತರ ಕೊಡತೈತಿ. ಹಿಂಗಾಗಿ ನೆಟ್ ಪೂರಾ ಬಂದ್ ಆಗಂಗಿಲ್ಲ, ಪ್ರತಿ ಸಲ ಎಳದಾಡತೈತಿ. ಪೂರಾ ಬಂದ್ ಆಗಿದ್ರ ಕೇಬಲ್‌ನವರಿಗೆ ಅವತ್ತೇ ಫೋನ್ ಹೋಗ್ತಿತ್ತು, ಇದನ್ನ ಯಾರೂ ಹೇಳಂಗಿಲ್ಲ.

ಹೌದೋ ಅಲ್ಲೋ ನೋಡಾಕ ಕಮಾಂಡ್ ಪ್ರಾಂಪ್ಟ್ ತಗದು ಎನ್ಎಸ್‌ಲುಕಪ್ ಅಂತ ಹೊಡದು ಒಂದು ಜಾಗ ಬಿಟ್ಟು ಸೈಟ್ ಹೆಸರು ಹಾಕ್ರಿ. ಟೈಮ್‌ಡ್ ಔಟ್, ಟೈಮ್‌ಔಟ್ ವಾಸ್ 2 ಸೆಕೆಂಡ್ಸ್ ಅಂತ ಸಾಲು ಬರತಾವೇನು ನೋಡ್ರಿ. ಆಮ್ಯಾಲ ಅದೇ ಸಾಲಿನ ಕೊನೀಗೆ ಇನ್ನೊಂದು ಜಾಗ ಬಿಟ್ಟು 8.8.8.8 ಸೇರಿಸಿ ಹೊಡೀರಿ, ಅವಾಗ ಅದು ರೂಟರ್ ಬಿಟ್ಟು ಸೀದಾ ಗೂಗಲ್‌ನ ಕೇಳತೈತಿ. ಮೊದಲನೇದು ಎಳದು ಎರಡನೇದು ಲಗೂನ ಬಂದ್ರ ನಾ ಹೇಳಿದ್ದು ಖರೆ.

ಶರಾವತಿ ಹಿನ್ನೀರು:
ಪೇಡಾಪ್ರಿಯ ಅವ್ರೇ ನೀವು ನಮ್ಮನೆ ರೂಟರ್ ಹಿಂದೆ ಕೂತು ನೋಡ್ದಂಗೆ ಹೇಳಿದ್ರಿ. ಮೊದ್ಲನೇದು ಎರಡು ಸಲ ಟೈಮ್‌ಡ್ ಔಟ್ ಅಂತ ತೋರ್ಸಿ ಆಮೇಲೆ ಉತ್ರ ಕೊಡ್ತು. 8.8.8.8 ಹಾಕಿದ್ರೆ ಎಂಟರ್ ಒತ್ತೋದೇ ತಡ ಬಂತು. ಈಗ ಚೇಂಜ್ ಮಾಡೋದು ಹೇಗೆ ಹೇಳ್ಬಿಡಿ.

ಪೇಡಾಪ್ರಿಯ:
ವಿಂಡೋಸ್ 10ದಾಗ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅದರಾಗ ಚೇಂಜ್ ಅಡಾಪ್ಟರ್ ಆಪ್ಷನ್ಸ್. ಈಥರ್‌ನೆಟ್ ಅಂತಿರತೈತಿ, ಅದರ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್. ಪಟ್ಟಿಯೊಳಗ ಇಂಟರ್‌ನೆಟ್ ಪ್ರೋಟೊಕಾಲ್ ವರ್ಷನ್ 4 ಅಂತ ಐತಲ್ರಿ ಅದರ ಮ್ಯಾಲ ಡಬಲ್ ಕ್ಲಿಕ್. ಮ್ಯಾಲಿನ ಐಪಿ ಅಡ್ರೆಸ್ ಭಾಗಕ್ಕ ಕೈ ಹಚ್ಚಬ್ಯಾಡ್ರಿ, ಅದು ಆಟೊಮ್ಯಾಟಿಕ್ ಇರ್ಲಿ. ಕೆಳಗಿನ ಅರ್ಧಾ ಅಷ್ಟ, ಯೂಸ್ ದ ಫಾಲೋಯಿಂಗ್ ಡಿಎನ್ಎಸ್ ಅಂತ ಆರಿಸಿ ಎರಡು ನಂಬರ್ ಹಾಕ್ರಿ. ಓಕೆ ಕೊಡೂಕಿಂತ ಮೊದಲ ಹಳೇದು ಏನಿತ್ತು ಅಂತ ಒಂದು ಫೋಟೋ ಹೊಡಕೋರಿ, ನಮ್ಮ ಅಂಗಡಿಗೆ ಬರೋರೊಳಗ ಅರ್ಧ ಮಂದಿ ಮೊದಲ ಏನಿತ್ತು ಅಂದ್ರ ಗೊತ್ತಿಲ್ರಿ ಅಂತಾರ. ಕಡೀಕ ಕಮಾಂಡ್ ಪ್ರಾಂಪ್ಟ್‌ನಾಗ ಐಪಿಕಾನ್ಫಿಗ್, ಜಾಗ, ಸ್ಲ್ಯಾಶ್ ಫ್ಲಶ್‌ಡಿಎನ್ಎಸ್. ಹಳೇ ನೆನಪು ಒರಿಸಿ ಹೋಗತೈತಿ. ರೀಸ್ಟಾರ್ಟ್ ಬೇಕಾಗಿಲ್ಲ.

ಶರಾವತಿ ಹಿನ್ನೀರು:
ಎಲ್ಲಾ ಹೇಳ್ದಂಗೇ ಮಾಡಿದೆ, 8.8.8.8 ಕಾಣಿಸ್ತಾ ಇದೆ, ಫ್ಲಶ್ ಕೂಡ ಮಾಡ್ದೆ. ಆದ್ರೂ ಡಿಎನ್ಎಸ್ ಲುಕಪ್ 4 ಸೆಕೆಂಡ್! ಇದೇನ್ ಮಾರ್ರೆ.

ಗಾಂಧಿಬಜಾರ್ ಗೆಳೆಯ:
ಕ್ಲೌಡ್‌ಫ್ಲೇರ್ ಕಂಪನಿದು 1.1.1.1 ಟ್ರೈ ಮಾಡಿ ಬಾಸ್, ಅದು ಇನ್ನೂ ಫಾಸ್ಟು

ಪೋರ್ಟ್ 53:
ನಂಬರ್ ಬದಲಾಯಿಸುವುದು ಬೇಡ, ಇದು ಐಪಿವಿ6 ಆಟ, ಅಂದ್ರೆ ಐಪಿ ನಂಬರಿನ ಹೊಸ ಪದ್ಧತಿ, ವರ್ಷನ್ 6. ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಹೊಡೆದು ಡಿಎನ್ಎಸ್ ಸರ್ವರ್ಸ್ ಅಂತ ಇರುವ ಸಾಲು ನೋಡಿ. ಅಲ್ಲಿ 8.8.8.8ಕ್ಕಿಂತ ಮೇಲೆ ಎಫ್ಇ80 ಅಂತ ಶುರುವಾಗುವ ಉದ್ದದ್ದು ಒಂದು ಇರ್ತದೆ ನೋಡಿ, ಅದು ನಿಮ್ಮ ರೂಟರೇ. ನೀವು ವರ್ಷನ್ 4ರಲ್ಲಿ ಮಾತ್ರ ಬದಲಾಯಿಸಿದ್ದೀರಿ, ವರ್ಷನ್ 6ರಲ್ಲಿ ರೂಟರ್ ತಾನೇ ಡಿಎನ್ಎಸ್ ಅಂತ ಹೇಳಿಕೊಂಡು ಕೂತಿದೆ, ವಿಂಡೋಸ್ ಅದನ್ನೇ ಮೊದಲು ಕೇಳ್ತದೆ. ಈಗ ನಮ್ಮಲ್ಲಿ ಹೆಚ್ಚಿನ ಫೈಬರ್ ಲೈನಿನಲ್ಲಿ ಐಪಿವಿ6 ಬರ್ತದೆ, ನೆಟ್ಟಿನಲ್ಲಿ ಸಿಗುವ ಹಳೇ ವಿಡಿಯೋಗಳಲ್ಲಿ ಇದರ ಸುದ್ದಿಯೇ ಇರುದಿಲ್ಲ, ಡಿಎನ್ಎಸ್ ಬದಲಾಯಿಸಿದೆ ಏನೂ ಆಗ್ಲಿಲ್ಲ ಅನ್ನುವವರಲ್ಲಿ ಸುಮಾರು ಜನರದ್ದು ಇದೇ ಕತೆ.

ಅದೇ ಪ್ರಾಪರ್ಟೀಸ್ ಪಟ್ಟಿಯಲ್ಲಿ ವರ್ಷನ್ 6 ತೆರೆದು ಕೆಳಗಿನ ಭಾಗದಲ್ಲಿ 2001:4860:4860::8888 ಹಾಕಿ, ಎರಡನೇದು 2001:4860:4860::8844. ಯಾರಾದ್ರೂ ಐಪಿವಿ6 ಟಿಕ್ ತೆಗೆದುಬಿಡಿ ಅಂದ್ರೆ ಕೇಳ್ಬೇಡಿ. ಅದನ್ನು ಆಫ್ ಮಾಡ್ಬೇಡಿ ಅಂತ ಮೈಕ್ರೋಸಾಫ್ಟೇ ಹೇಳ್ತದೆ. ಮೇಲಾಗಿ ಸಣ್ಣ ಐಎಸ್‌ಪಿಗಳಲ್ಲಿ, ಅಂದ್ರೆ ನೆಟ್ ಕೊಡುವ ಕಂಪನಿಗಳಲ್ಲಿ, ಐಪಿವಿ4 ಅಂದ್ರೆ ಒಂದೇ ನಂಬರನ್ನು ಎಷ್ಟೋ ಮನೆಗೆ ಹಂಚಿರ್ತಾರೆ, ಗೂಗಲ್ ಪದೇ ಪದೇ ನೀವು ರೋಬೋಟಾ ಅಂತ ಟ್ರಾಫಿಕ್ ಲೈಟ್ ಚಿತ್ರ ತೋರಿಸುವುದು ಸುಮಾರು ಸಲ ಅದರಿಂದಲೇ.

ಶರಾವತಿ ಹಿನ್ನೀರು:
ಆಯ್ತು!!! ಡಿಎನ್ಎಸ್ ಲುಕಪ್ 21 ಮಿಲಿಸೆಕೆಂಡ್. ಪೇಜು ಒತ್ತಿದ್ ತಕ್ಷಣ ಬರ್ತಿದೆ, ನಂಬೋಕಾಗ್ತಿಲ್ಲ. ಇಷ್ಟು ದಿನ ಕಂಪ್ಯೂಟರ್ ಹಳೇದಾಯ್ತು ಅಂದ್ಕೊಂಡು ಮಗಳು ಹೊಸದಕ್ಕೆ ಪೀಡಿಸ್ತಿದ್ಲು. ಈಗ ಬ್ಯಾಂಕ್ ವಿಷ್ಯ ಯಾರಾದ್ರೂ ಹೇಳಿ, ಹಿಂಗೆ ಬೇರೆಯವ್ರ ಡಿಎನ್ಎಸ್ ಹಾಕೊಂಡ್ರೆ ನಮ್ಮ ಪಾಸ್‌ವರ್ಡ್ ಅವ್ರಿಗೆ ಹೋಗಲ್ವಾ?

ಲಿನಕ್ಸ್ ಲಕ್ಕವ್ವ:
ಪಾಸ್‌ವರ್ಡ್ ಹೋಗಲ್ಲ. ಡಿಎನ್ಎಸ್ ಸರ್ವರ್‌ಗೆ ಹೋಗೋದು ಸೈಟಿನ ಹೆಸರು ಮಾತ್ರ, ಯಾವ ಪೇಜ್, ಒಳಗೆ ಏನ್ ಟೈಪ್ ಮಾಡಿದ್ರಿ ಅನ್ನೋದು ಅದಕ್ಕೆ ಹೋಗೋದೇ ಇಲ್ಲ, ಅದು ನಿಮ್ಮ ಬ್ರೌಸರ್‌ಗೂ ಬ್ಯಾಂಕ್‌ಗೂ ಮಧ್ಯೆ ಎನ್‌ಕ್ರಿಪ್ಟ್ ಆಗಿ, ಅಂದ್ರೆ ಬೇರೆಯವ್ರಿಗೆ ಓದೋಕಾಗದ ಹಾಗೆ, ನಡೆಯೋ ವ್ಯವಹಾರ.

ಭಯ ಪಡ್ಬೇಕಾಗಿರೋದು ಯಾರದೋ ಕಳ್ಳ ಡಿಎನ್ಎಸ್ ನಿಮಗೆ ಗೊತ್ತಿಲ್ದೆ ಸೇರ್ಕೊಂಡ್ರೆ. ಇದು ಸುಮ್ನೆ ಹೆದರ್ಸೋಕೆ ಹೇಳ್ತಿರೋದಲ್ಲ, ಡಿಎನ್ಎಸ್‌ಚೇಂಜರ್ ಅಂತ ಒಂದು ಮಾಲ್‌ವೇರ್ ಇತ್ತು, ಲಕ್ಷಗಟ್ಲೆ ಕಂಪ್ಯೂಟರ್‌ಗಳ ಡಿಎನ್ಎಸ್ ಸೆಟ್ಟಿಂಗನ್ನ ಕಳ್ಳರ ಸರ್ವರ್‌ಗೆ ತಿರುಗಿಸಿಟ್ಟಿತ್ತು, ಜನ ತೆರೆಯೋ ಸೈಟು ಒಂದು ಬರೋ ಜಾಹೀರಾತು ಇನ್ನೊಂದು. 2011 ನವೆಂಬರ್‌ನಲ್ಲಿ ಎಫ್‌ಬಿಐ ಆ ಗ್ಯಾಂಗನ್ನ ಹಿಡೀತು. ತಮಾಷೆ ಏನಂದ್ರೆ ಆ ಕಳ್ಳ ಸರ್ವರ್‌ಗಳನ್ನ ತಕ್ಷಣ ಆಫ್ ಮಾಡೋಕೆ ಆಗ್ಲಿಲ್ಲ, ಮಾಡಿದ್ರೆ ಅಷ್ಟೂ ಜನರ ನೆಟ್ ನಿಂತೋಗ್ತಿತ್ತು. ಅದಕ್ಕೇ ಕೋರ್ಟ್ ಅನುಮತಿ ತಗೊಂಡು ಅದೇ ಐಪಿಗಳಲ್ಲಿ ಒಳ್ಳೇ ಸರ್ವರ್ ಕೂರ್ಸಿ ತಿಂಗಳುಗಟ್ಲೆ ನಡ್ಸಿ 2012 ಜುಲೈ 9ಕ್ಕೆ ಬಂದ್ ಮಾಡಿದ್ರು.

ಹಾಗಾಗಿ ಎರಡೇ ಮಾತು. ಯೂಟ್ಯೂಬ್ ವಿಡಿಯೋದಲ್ಲಿ ಯಾರೋ ಸೀಕ್ರೆಟ್ ಫಾಸ್ಟ್ ಡಿಎನ್ಎಸ್ ಅಂತ ಗುರುತಿಲ್ಲದ ನಂಬರ್ ಕೊಟ್ರೆ ಹಾಕ್ಬೇಡಿ. ಮತ್ತೆ ರೂಟರ್ ಲಾಗಿನ್ ಪಾಸ್‌ವರ್ಡ್ ಇನ್ನೂ ಅಡ್ಮಿನ್, ಅಡ್ಮಿನ್ ಅಂತಲೇ ಇದ್ರೆ ಇವತ್ತೇ ಬದಲಾಯಿಸಿ. ಬ್ಯಾಂಕ್ ಪೇಜ್‌ನಲ್ಲಿ ಸರ್ಟಿಫಿಕೇಟ್ ಎರರ್ ಬಂದ್ರೆ ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗೋ ಬುದ್ಧಿ ಬಿಡಿ, ಇದು ನಿಜವಾದ ಬ್ಯಾಂಕ್ ಸೈಟೇ ಅನ್ನೋ ಗುರುತು ಅದು, ಡಿಎನ್ಎಸ್ ಸುಳ್ಳು ಹೇಳಿದ್ರೂ ಆ ಸರ್ಟಿಫಿಕೇಟ್ ಒಂದು ನಿಮ್ಮನ್ನ ಕಾಯೋದು.

ಬಳ್ಳಾರಿ ಬಿಸಿಲು:
ನಡುವೆ ನನ್ದೊಂದು. ನಾನು 1.1.1.1 ಹಾಕಿ ವರ್ಷ ಆಯ್ತು, ವರ್ಷನ್ 6ರಲ್ಲೂ ಹಾಕಿದೀನಿ. ಆದ್ರೆ ಡಿಎನ್ಎಸ್ ಲೀಕ್ ಟೆಸ್ಟ್ ಅಂತ ಸೈಟ್‌ಗಳಿವೆಯಲ್ಲ ಅಲ್ಲಿ ನೋಡಿದ್ರೆ ನಮ್ಮ ಐಎಸ್‌ಪಿ ಹೆಸರೇ ಬರುತ್ತೆ, ಕ್ಲೌಡ್‌ಫ್ಲೇರ್ ಬರೋದೇ ಇಲ್ಲ. ಎಲ್ಲಿ ತಪ್ತಿದೆ?

ಪೋರ್ಟ್ 53:
ನಿಮ್ಮಲ್ಲಿ ತಪ್ಪಿಲ್ಲ, ದಾರಿಯಲ್ಲಿ ಹಿಡೀತಾ ಇದ್ದಾರೆ. ಸಾದಾ ಡಿಎನ್ಎಸ್ ಪ್ರಶ್ನೆ 53ನೇ ಪೋರ್ಟಿನಲ್ಲಿ, ಪೋರ್ಟ್ ಅಂದ್ರೆ ನಂಬರ್ ಹಾಕಿದ ಬಾಗಿಲಿನ ಹಾಗೆ, ಎನ್‌ಕ್ರಿಪ್ಟ್ ಇಲ್ಲದೆ ಹೋಗ್ತದೆ, ಹೌದು ನನ್ನ ಹೆಸರು ಅಲ್ಲಿಂದಲೇ. ಕೆಲವು ಐಎಸ್‌ಪಿಗಳು ಆ ಪೋರ್ಟಿನಲ್ಲಿ ಹೋಗುವ ಎಲ್ಲವನ್ನೂ ತಿರುಗಿಸಿ ತಮ್ಮ ಸರ್ವರಿಗೇ ಕಳಿಸ್ತಾರೆ, ನೀವು ಯಾರನ್ನು ಕೇಳಿದ್ರೂ ಉತ್ತರ ಅವರೇ ಕೊಡುದು, ಅದೂ ನೀವು ಕೇಳಿದವರ ಹೆಸರಿನಲ್ಲಿ.

ಇದನ್ನು ಹಿಡಿಯಲಿಕ್ಕೆ ಒಂದು ಚಂದದ ಉಪಾಯ ಉಂಟು. 192.0.2.1 ಅಂತ ಒಂದು ಐಪಿ, ಅದು ಪುಸ್ತಕದಲ್ಲಿ ಉದಾಹರಣೆ ಬರೀಲಿಕ್ಕೆ ಅಂತಲೇ ಮೀಸಲಿಟ್ಟದ್ದು, ಲೋಕದಲ್ಲಿ ಎಲ್ಲೂ ಆ ನಂಬರಿನ ಸರ್ವರ್ ಇಲ್ಲ. ಎನ್ಎಸ್‌ಲುಕಪ್‌ನಲ್ಲಿ ಸೈಟ್ ಹೆಸರು ಹಾಕಿ ಕೊನೆಗೆ 192.0.2.1 ಕೊಡಿ. ಟೈಮ್‌ಔಟ್ ಆದ್ರೆ ನಿಮ್ಮ ಲೈನ್ ಸಾಚಾ. ಇಲ್ಲದ ಸರ್ವರಿಂದ ಉತ್ತರ ಬಂತು ಅಂದ್ರೆ ಮಧ್ಯೆ ಯಾರೋ ಕೂತು ಉತ್ತರ ಕೊಡ್ತಿದ್ದಾರೆ.

ಬಳ್ಳಾರಿ ಬಿಸಿಲು:
ಬಂತು ಉತ್ರ 😂 ಐಪಿ ಸಮೇತ. ಹಾಡಹಗಲೇ ಮೋಸ ಅಲ್ವಾ ಇದು

ಲಿನಕ್ಸ್ ಲಕ್ಕವ್ವ:
ಬಿಸಿಲು, ನಿಮಗೆ ಸಾದಾ ಡಿಎನ್ಎಸ್ ಪ್ರಯೋಜನ ಇಲ್ಲ, ಡಿಎನ್ಎಸ್ ಓವರ್ ಎಚ್‌ಟಿಟಿಪಿಎಸ್ ಬೇಕು, ಡಿಓಎಚ್ ಅಂತಾರೆ. ಪ್ರಶ್ನೆ 443ನೇ ಪೋರ್ಟಿನಲ್ಲಿ ಎನ್‌ಕ್ರಿಪ್ಟ್ ಆಗಿ ಹೋಗುತ್ತೆ, ನೋಡೋರಿಗೆ ಬೇರೆ ವೆಬ್ ಟ್ರಾಫಿಕ್ ತರಾನೇ ಕಾಣುತ್ತೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೆಕ್ಯುರಿಟಿ, ಯೂಸ್ ಸೆಕ್ಯೂರ್ ಡಿಎನ್ಎಸ್, ಅದ್ರಲ್ಲಿ ಪಟ್ಟಿಯಿಂದ ಒಂದನ್ನ ಆರಿಸಿ. ಫೈರ್‌ಫಾಕ್ಸ್‌ನಲ್ಲೂ ಪ್ರೈವೆಸಿ ಪುಟದ ಕೊನೇಲಿ ಇದೆ. ವಿಂಡೋಸ್ 11 ಆದ್ರೆ ಇಡೀ ಸಿಸ್ಟಂಗೇ ಆನ್ ಮಾಡ್ಬೋದು. ಆಂಡ್ರಾಯ್ಡ್ 9ರಿಂದ ಮೇಲೆ ಪ್ರೈವೇಟ್ ಡಿಎನ್ಎಸ್ ಅಂತ ಇದೆ, ಅಲ್ಲಿ ನಂಬರ್ ಹಾಕಿದ್ರೆ ತಗೊಳಲ್ಲ, ಹೆಸರೇ ಬೇಕು, ಡಿಎನ್ಎಸ್ ಡಾಟ್ ಗೂಗಲ್, ಇಲ್ಲಾ ಒನ್ ಅಂತ ನಾಲ್ಕು ಸಲ ಮಧ್ಯೆ ಡಾಟ್ ಇಟ್ಟು. ಲಾಡ್ಜ್, ಏರ್‌ಪೋರ್ಟ್ ವೈಫೈಗಳಲ್ಲಿ ಲಾಗಿನ್ ಪೇಜ್ ಬರ್ದೇ ಇದ್ರೆ ಅದನ್ನ ಸ್ವಲ್ಪ ಹೊತ್ತು ಆಫ್ ಮಾಡಿ.

ಆದ್ರೆ ಡಿಓಎಚ್ ಹಾಕಿದ್ ತಕ್ಷಣ ಐಎಸ್‌ಪಿಗೆ ಏನೂ ಗೊತ್ತಾಗಲ್ಲ ಅಂದ್ಕೋಬೇಡಿ. ನೀವು ಹೋಗ್ತಿರೋ ಐಪಿ ಕಾಣುತ್ತೆ, ಎಚ್‌ಟಿಟಿಪಿಎಸ್ ಶುರುವಾಗೋವಾಗ ಸೈಟ್ ಹೆಸರೂ ಇನ್ನೂ ಬಹಳ ಕಡೆ ತೆರೆದೇ ಹೋಗುತ್ತೆ.

ನ್ಯೂಜೆರ್ಸಿ ನಿಂಗ:
ಲಕ್ಕವ್ವ ಅವ್ರೇ ಇದೇ ನಮ್ಮನೇಲಿ ಜಗಳ ತಂದಿಟ್ಟಿದೆ. ಅಪ್ಪ ಅಮ್ಮ ಮೈಸೂರಲ್ಲಿ, ನಾನು ಇಲ್ಲಿಂದ ರಿಮೋಟಲ್ಲಿ ಕೂತು ಮನೇಲಿರೋ ಎಲ್ಲಾ ಮಷೀನಲ್ಲೂ ಡಿಓಎಚ್ ಆನ್ ಮಾಡ್ದೆ, ತಮ್ಮನ ಆಫೀಸ್ ಲ್ಯಾಪ್‌ಟಾಪಲ್ಲಿ ಫೈರ್‌ಫಾಕ್ಸಲ್ಲೂ ಮಾಡ್ಸಿದೆ, ಮ್ಯಾಕ್ಸ್ ಪ್ರೊಟೆಕ್ಷನ್ನು. ಈಗ ಅವನು ಮನೆಯಿಂದ ಆಫೀಸ್ ನೆಟ್‌ವರ್ಕ್ ಸೇರೋ ವಿಪಿಎನ್ ಕನೆಕ್ಟ್ ಆಗ್ತಿದೆ ಆದ್ರೆ ಆಫೀಸಿನ ಒಳಗಿನ ಸೈಟ್ ಒಂದೂ ತೆರೀತಿಲ್ಲ ಅಂತಾನೆ. ಇಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ ಬೈತಾನೆ.

ಪೋರ್ಟ್ 53:
ಬೈಯುದರಲ್ಲಿ ನ್ಯಾಯ ಉಂಟು. ಕಂಪನಿ ಒಳಗಿನ ಹೆಸರುಗಳು ಕಂಪನಿಯ ಡಿಎನ್ಎಸ್ ಸರ್ವರಿಗೆ ಮಾತ್ರ ಗೊತ್ತಿರ್ತವೆ. ವಿಪಿಎನ್ ಹಾಕಿದಾಗ ಲ್ಯಾಪ್‌ಟಾಪ್ ಅದನ್ನೇ ಕೇಳಬೇಕು, ಬ್ರೌಸರ್ ಮಾತ್ರ ನಿಮ್ಮ ಡಿಓಎಚ್ ಮೂಲಕ ಹೊರಗೆ ಕೇಳ್ತಾ ಉಂಟು, ಹೊರಗಿನವರು ಅಂಥ ಹೆಸರೇ ಇಲ್ಲ ಅಂತಾರೆ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಡಿಎನ್ಎಸ್ ಮುಟ್ಟಬೇಡಿ, ಅದು ಅವರ ಐಟಿಯವರ ಕೆಲಸ. ಮನೆಯ ಉಳಿದ ಮಷೀನಿಗೆ ರೂಟರಿನಲ್ಲೇ ಬದಲಾಯಿಸಿ, ಲ್ಯಾನ್ ಸೆಟ್ಟಿಂಗಿನ ಡಿಎಚ್‌ಸಿಪಿ ಪುಟದಲ್ಲಿ ಪ್ರೈಮರಿ, ಸೆಕೆಂಡರಿ ಅಂತ ಇರ್ತದೆ.

ನ್ಯೂಜೆರ್ಸಿ ನಿಂಗ:
ಅಲ್ಲಿ ರೂಟರ್ ಲಾಕ್ ಮಾಡಿಟ್ಟಿದಾರೆ, ಆ ಪುಟ ತೋರ್ಸೋದೇ ಇಲ್ಲ.

ಪೇಡಾಪ್ರಿಯ:
ಅದರ ಹಿಂದ ನಿಮ್ಮದೊಂದು ಸ್ವಂತ ರೂಟರ್ ಹಾಕ್ರಿ, ಸಾದಾ ಒಂದು ಸಾಕು. ಎರಡೂ 192.168.1.1 ಇದ್ರ ಹೊಡದಾಡತಾವ, ಹೊಸಾದ್ದರದ್ದು 192.168.5.1 ಅಂತ ಏನರ ಇಡ್ರಿ.

ದೊಡ್ಡಮನೆ ಸೊಸೆ:
ಮಕ್ಕಳಿರೋ ಮನೆಗೆ ಯಾವ್ದು ಒಳ್ಳೇದು? ಮಗ ಏಳನೇ ಕ್ಲಾಸು, ಕೆಟ್ಟ ಸೈಟ್ ಬರ್ಬಾರ್ದು. 1.1.1.3 ಅಂತ ಇದೆ ಅಂತ ಕೇಳಿದೆ, ಮೊದ್ಲನೇದು ಅದು ಹಾಕಿ ಎರಡ್ನೇದು ಬ್ಯಾಕಪ್‌ಗೆ 8.8.8.8 ಹಾಕಿದೀನಿ, ಆದ್ರೂ ಕೆಲವೊಮ್ಮೆ ಓಪನ್ ಆಗುತ್ತೆ.

ಲಿನಕ್ಸ್ ಲಕ್ಕವ್ವ:
ಎರಡನೇದು ಬ್ಯಾಕಪ್ ಅಂತ ಗ್ಯಾರಂಟಿ ಇಲ್ಲ ಅಕ್ಕ. ವಿಂಡೋಸ್ ಮೊದಲನೇದು ಸ್ವಲ್ಪ ತಡ ಮಾಡಿದ್ರೆ ಸಾಕು, ಎರಡನೇದನ್ನ ಕೇಳುತ್ತೆ, ಕೆಲವು ರೂಟರ್‌ಗಳು ಎರಡಕ್ಕೂ ಒಟ್ಟಿಗೇ ಕೇಳಿ ಮೊದಲು ಬಂದ ಉತ್ತರ ತಗೊಳ್ತವೆ. 8.8.8.8ಕ್ಕೆ ಫಿಲ್ಟರ್ ಇಲ್ಲ, ಅಲ್ಲಿಂದ ನುಗ್ಗುತ್ತೆ. 1.1.1.3ರ ಜೋಡಿ 1.0.0.3, ವರ್ಷನ್ 6ಕ್ಕೆ 2606:4700:4700::1113 ಮತ್ತೆ 2606:4700:4700::1003, ನಾಲ್ಕೂ ಹಾಕಿ. ಇನ್ನೊಂದು, ಮಗ ಬ್ರೌಸರಲ್ಲಿ ಸೆಕ್ಯೂರ್ ಡಿಎನ್ಎಸ್ ಬೇರೆದು ಆರಿಸಿದ್ರೆ ಫಿಲ್ಟರ್ ತಪ್ಪಿಸ್ಕೊಂಡ, ಫೋನ್ ಮೊಬೈಲ್ ಡೇಟಾಗೆ ತಿರುಗಿಸಿದ್ರೂ ಅಷ್ಟೇ. ಏಳನೇ ಕ್ಲಾಸಿನವ್ರಿಗೆ ಇದೆಲ್ಲಾ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ.

ಗಾಂಧಿಬಜಾರ್ ಗೆಳೆಯ:
ಸರಿ ಕೊನೇದಾಗಿ ಯಾವ್ದು ಫಾಸ್ಟ್ ಅಂತ ಹೇಳ್ಬಿಡಿ ಪೋರ್ಟ್ ಸಾರ್, ಗೂಗಲ್ಲಾ ಕ್ಲೌಡ್‌ಫ್ಲೇರಾ? ಗೇಮ್‌ನಲ್ಲಿ ಪಿಂಗ್ ಕಮ್ಮಿ ಆಗೋದು ಯಾವ್ದ್ರಲ್ಲಿ?

ಪೋರ್ಟ್ 53:
ಗೇಮಿನ ಪಿಂಗ್, ಅಂದ್ರೆ ಗೇಮ್ ಸರ್ವರಿಗೆ ಹೋಗಿ ಬರುವ ಹೊತ್ತು, ಯಾವುದರಲ್ಲೂ ಕಮ್ಮಿ ಆಗುದಿಲ್ಲ, ಗೇಮ್ ಶುರುವಾಗುವಾಗ ಒಮ್ಮೆ ಹೆಸರು ಹುಡುಕಿದ ಮೇಲೆ ಅಲ್ಲಿ ಡಿಎನ್ಎಸ್‌ಗೆ ಕೆಲಸವೇ ಇಲ್ಲ.

ಯಾವುದು ಫಾಸ್ಟ್ ಅನ್ನುವುದು ನಿಮ್ಮ ಲೈನಿನ ಮೇಲೆ ನಿಂತಿದೆ. 8.8.8.8 ಅಂದ್ರೆ ಅಮೆರಿಕದಲ್ಲಿರುವ ಒಂದು ಡಬ್ಬ ಅಲ್ಲ, ಅದೇ ನಂಬರ್ ಎಷ್ಟೋ ಊರಲ್ಲಿ ಉಂಟು, ನಿಮ್ಮ ಐಎಸ್‌ಪಿ ಯಾವ ದಾರಿಯಲ್ಲಿ ಕಳಿಸ್ತಾರೋ ಅಲ್ಲಿಯದ್ದು ಉತ್ತರ ಕೊಡ್ತದೆ. ಒಬ್ಬರಿಗೆ ಬೆಂಗಳೂರಲ್ಲೇ ಮುಗೀತದೆ, ಇನ್ನೊಬ್ಬರದ್ದು ಮುಂಬೈಗೆ ಹೋಗಿ ಬರ್ತದೆ. ನಿಮ್ಮ ಐಎಸ್‌ಪಿಯ ಡಿಎನ್ಎಸ್ ಸರಿಯಾಗಿ ನಡೀತಾ ಇದ್ರೆ ಎಲ್ಲರಿಗಿಂತ ಹತ್ತಿರ ಅದೇ. ಅಳೀಲಿಕ್ಕೆ ಸ್ಟೀವ್ ಗಿಬ್ಸನ್ ಬರೆದ ಡಿಎನ್ಎಸ್ ಬೆಂಚ್‌ಮಾರ್ಕ್ ಅಂತ ಸಣ್ಣ ಪ್ರೋಗ್ರಾಂ ಉಂಟು, ಲಿನಕ್ಸಿನವರಿಗೆ ಡಿಗ್ ಅನ್ನುವ ಕಮಾಂಡ್ ಸಾಕು, ಕ್ವೆರಿ ಟೈಮ್ ಅಂತ ಕೊನೆಗೆ ತೋರಿಸ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಊರೆಲ್ಲಾ ಸೀರಿಯಲ್ ನೋಡುವ ಹೊತ್ತಿಗೆ ಒಮ್ಮೆ ಅಳೀರಿ. 12 ಮಿಲಿಸೆಕೆಂಡ್, 18 ಮಿಲಿಸೆಕೆಂಡ್ ಇದರ ನಡುವೆ ಜಗಳ ಆಡಬೇಡಿ, ಕಣ್ಣಿಗೆ ಗೊತ್ತಾಗುದಿಲ್ಲ.

ಇನ್ನು ಡಿಎನ್ಎಸ್ ಬದಲಾಯಿಸಿ ನಿಧಾನ ಆದವರೂ ಇದ್ದಾರೆ. ಬೇರೆ ಸೈಟುಗಳ ಫೈಲುಗಳ ನಕಲನ್ನು ಊರೂರಿನ ಸರ್ವರಲ್ಲಿ ಇಟ್ಟು ಹಂಚುವ ಅಕಾಮೈ ತರದ ಕಂಪನಿಯವರು ಹೆಸರು ಕೇಳಿದ ಡಿಎನ್ಎಸ್ ಸರ್ವರ್ ಎಲ್ಲಿದೆ ನೋಡಿ ಅದಕ್ಕೆ ಹತ್ತಿರದ ಸರ್ವರಿನ ಐಪಿ ಕೊಡ್ತಾರೆ. ನಿಮ್ಮ ಐಎಸ್‌ಪಿ ಒಳಗೇ ಅವರ ಕ್ಯಾಶ್ ಸರ್ವರ್ ಇದ್ರೆ ಐಎಸ್‌ಪಿ ಡಿಎನ್ಎಸ್ ಕೇಳಿದಾಗ ಅದು ಸಿಗ್ತದೆ, ಹೊರಗಿನದ್ದು ಕೇಳಿದ್ರೆ ಬೇರೆ ಊರಿನದ್ದು ಸಿಗಬಹುದು. ಇದಕ್ಕೆ ಪರಿಹಾರ ಅಂತ ಗೂಗಲ್‌ನವರು ನಿಮ್ಮ ಐಪಿಯ ಮೊದಲ ಭಾಗವನ್ನು ಪ್ರಶ್ನೆಯ ಜೊತೆ ಮುಂದೆ ಕಳಿಸ್ತಾರೆ, ಕ್ಲೌಡ್‌ಫ್ಲೇರ್ ಪ್ರೈವೆಸಿ ಅಂತ ಕಳಿಸುದಿಲ್ಲ. ಅವರವರ ನ್ಯಾಯ ಅವರವರಿಗೆ. ಹೆಸರು ಬೇಗ ಸಿಕ್ಕಿ ಡೌನ್‌ಲೋಡ್ ಎಳೆದ್ರೆ ಇದನ್ನು ಅನುಮಾನಿಸಿ.

ಬಳ್ಳಾರಿ ಬಿಸಿಲು:
ಎಲ್ಲಾ ಗೂಗಲ್‌ಗೆ ಕೊಡೋದಕ್ಕಿಂತ ನಮ್ಮ ಐಎಸ್‌ಪಿನೇ ವಾಸಿ ಅನ್ಸುತ್ತೆ ಒಂದೊಂದ್ಸಲ. ಸರ್ಚ್ ಅವ್ರದ್ದೇ, ಬ್ರೌಸರ್ ಅವ್ರದ್ದೇ, ಫೋನ್ ಅವ್ರದ್ದೇ, ಈಗ ಇದೂನಾ.

ಲಿನಕ್ಸ್ ಲಕ್ಕವ್ವ:
ನಿಮ್ಮ ಐಎಸ್‌ಪಿ ಮಾಡ್ತಿರೋದನ್ನ ಈಗ ತಾನೇ ನೋಡಿದ್ರಲ್ಲ 🙂 ಗೂಗಲ್ ತನ್ನ ಡಿಎನ್ಎಸ್‌ನಲ್ಲಿ ಪೂರ್ತಿ ಐಪಿ ಇರೋ ಲಾಗನ್ನ 24ರಿಂದ 48 ಗಂಟೆಯಲ್ಲಿ ಅಳಿಸ್ತೀವಿ ಅಂತ ಬರೆದ್ಕೊಟ್ಟಿದೆ, ನಂಬೋದು ಬಿಡೋದು ನಿಮ್ಮಿಷ್ಟ. ನಾನು ಬಳ್ಸೋದು 9.9.9.9, ಕ್ವಾಡ್9 ಅಂತ, ಲಾಭಕ್ಕಲ್ಲದ ಸಂಸ್ಥೆ, 2021ರಿಂದ ಸ್ವಿಟ್ಜರ್‌ಲೆಂಡ್‌ನಲ್ಲಿದೆ, ಗೊತ್ತಿರೋ ಮಾಲ್‌ವೇರ್ ಸೈಟ್‌ಗಳನ್ನ ತಡೆಯುತ್ತೆ. ನಮ್ಮನೇಲಿ ಗೂಗಲ್‌ಗಿಂತ ಹತ್ತು ಮಿಲಿಸೆಕೆಂಡ್ ನಿಧಾನ, ಪರವಾಗಿಲ್ಲ.

ಹಾಗೇ ಮಕ್ಕಳ ಫಿಲ್ಟರ್ ಇಲ್ದೇ ಇರೋರು ಪ್ರೈಮರಿ ಒಂದು ಕಂಪನಿದು, ಸೆಕೆಂಡರಿ ಇನ್ನೊಂದು ಕಂಪನಿದು ಇಟ್ಕೊಳ್ಳಿ. 2025 ಜುಲೈ 14ರಂದು 1.1.1.1 ಲೋಕದ ತುಂಬಾ ಒಂದು ಗಂಟೆಗೂ ಮೀರಿ ಬಿದ್ದೋಗಿತ್ತು, ಕಾರಣ ಅವ್ರದೇ ಕಾನ್ಫಿಗರೇಷನ್ ತಪ್ಪು. ನಮ್ಗೆ ಆಗ 15ರ ಬೆಳಗಿನ ಜಾವ ಹಾಗಾಗಿ ಹೆಚ್ಚು ಜನಕ್ಕೆ ಗೊತ್ತಾಗ್ಲಿಲ್ಲ. ಜೊತೆಗಿದ್ದ 1.0.0.1 ಕೂಡ ಅದರೊಟ್ಟಿಗೇ ಹೋಗಿತ್ತು.

ಶರಾವತಿ ಹಿನ್ನೀರು:
ಹಾಗಾದ್ರೆ ಮೊದ್ಲನೇದು 8.8.8.8 ಎರಡ್ನೇದು 9.9.9.9 ಇಟ್ಟೆ. ಅಂದಹಾಗೆ ಕೇಬಲ್‌ನವ್ರಿಗೆ ಫೋನ್ ಮಾಡಿ ನಿಮ್ಮ ಮೊದ್ಲನೇ ಡಿಎನ್ಎಸ್ ಸತ್ತಿದೆ ನೋಡಿ ಅಂದೆ. ಯಾರೂ ಕಂಪ್ಲೇಂಟ್ ಮಾಡಿಲ್ವಲ್ಲ ಸಾರ್, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅಂದ್ರು.

ಪೇಡಾಪ್ರಿಯ:
ಎನ್ಎಸ್‌ಲುಕಪ್‌ದು ಫೋಟೋ ಹೊಡದು ವಾಟ್ಸಾಪ್‌ನಾಗ ಕಳಸ್ರಿ, ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲ. ಪಕ್ಕದ ಮನಿಯವರ ಕಡಿಂದನೂ ಹೊಡಸಿ ಕಳಸ್ರಿ.

ದೊಡ್ಡಮನೆ ಸೊಸೆ:
ನಾಲ್ಕೂ ಹಾಕಿದೆ, ಈಗ ಬರ್ತಿಲ್ಲ, ಥ್ಯಾಂಕ್ಸ್ ಲಕ್ಕವ್ವ. ಟಿವಿಗೂ ಬೇರೆ ಹಾಕ್ಬೇಕಾ? ಕ್ರೋಮ್‌ಕಾಸ್ಟ್ ಇದೆ.

ಲಿನಕ್ಸ್ ಲಕ್ಕವ್ವ:
ರೂಟರಲ್ಲಿ ಹಾಕಿದ್ರೆ ಟಿವಿಗೂ ಅದೇ ಹೋಗುತ್ತೆ. ಆದ್ರೆ ಕ್ರೋಮ್‌ಕಾಸ್ಟ್ ಎಷ್ಟೋ ಸಲ ರೂಟರ್ ಮಾತು ಕೇಳಲ್ಲ, ನೇರ 8.8.8.8ನ್ನೇ ಕೇಳುತ್ತೆ. ಯೂಟ್ಯೂಬ್‌ಗೆ ಅದರೊಳಗೇ ರಿಸ್ಟ್ರಿಕ್ಟೆಡ್ ಮೋಡ್ ಇದೆ, ಅದನ್ನ ಆನ್ ಮಾಡ್ಬಿಡಿ.